2012ರ ವ್ಯಾಗನ್ ಆರ್, ಕಾರವಾರದ ಉಪ್ಪುಗಾಳಿ: ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಪ್ರಶ್ನೆ: ನಮ್ಮದು 2012ರ ಪೆಟ್ರೋಲ್ ವ್ಯಾಗನ್ ಆರ್, 1,08,000 ಕಿ.ಮೀ. ಓಡಿದೆ. ಮನೆ ಕಾರವಾರದಲ್ಲಿ, ಸಮುದ್ರದಿಂದ ಅರ್ಧ ಕಿ.ಮೀ. ಒಳಗೆ. ಕಾರು ಶೀಟಿನ ಮಾಡಿನ ಕೆಳಗೆ ನಿಲ್ಲುತ್ತದೆ, ಮೇಲೊಂದು ಪ್ಲಾಸ್ಟಿಕ್ ಕವರ್. ತಿಂಗಳಿಗೆ ಒಂದೆರಡು ಸಲ ಕುಮಟಾ ಮೇಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿಬರುತ್ತೇವೆ. ಈಚೆಗೆ ಘಟ್ಟ ಇಳಿದು ಮುಗಿಯುವ ಹೊತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ, ಅರ್ಧ ಗಂಟೆ ನಿಲ್ಲಿಸಿದರೆ ಸರಿಹೋಗುತ್ತದೆ. ಕೂಲೆಂಟ್ ಬಾಟಲಿ ತಿಂಗಳಿಗೊಮ್ಮೆ ಕೆಳಗಿಳಿದಿರುತ್ತದೆ, ಬಾವಿ ನೀರು ಸೇರಿಸುತ್ತಿದ್ದೇವೆ. ಹಿಂದಿನ ಬಾಗಿಲುಗಳ ಕೆಳಗಡೆ ಬಣ್ಣ ಉಬ್ಬಿದೆ. ಗ್ಯಾರೇಜಿನವರು ‘ಲಕ್ಷ ದಾಟಿದೆ, ಟೈಮಿಂಗ್ ಬೆಲ್ಟ್ ಬದಲಿಸಿ, ಮಳೆಗಾಲಕ್ಕೆ ಮುಂಚೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ’ ಎನ್ನುತ್ತಾರೆ. ಇನ್ನೂ ನಾಲ್ಕೈದು ವರ್ಷ ಓಡಿಸಬಹುದೇ, ಮಾರಿಬಿಡುವುದು ಒಳ್ಳೆಯದೇ?

ಉತ್ತರ: ಟೈಮಿಂಗ್ ಬೆಲ್ಟಿನ ದುಡ್ಡು ಉಳಿಯಿತು ಅಂದುಕೊಳ್ಳಿ. ನಿಮ್ಮ ಕಾರಿನಲ್ಲಿರುವುದು 998 ಸಿಸಿಯ ಮೂರು ಸಿಲಿಂಡರಿನ ಕೆ10 ಎಂಜಿನ್. ಅದಕ್ಕೆ ಟೈಮಿಂಗ್ ಬೆಲ್ಟೇ ಇಲ್ಲ, ಒಳಗಿರುವುದು ಚೈನು. ಮಾರುತಿ 800, ಹಳೆಯ 796 ಸಿಸಿ ಆಲ್ಟೊಗಳಿಗೆ ಬೆಲ್ಟ್ ಇತ್ತು, ಆ ರೂಢಿಯ ಮಾತು ಇನ್ನೂ ಓಡುತ್ತಿದೆ. ಚೈನಿಗೆ ಇಷ್ಟು ಕಿ.ಮೀ. ಎಂಬ ಗಡುವಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಒಂದು ಬದಿಯಿಂದ ಗಲಗಲ ಸದ್ದು ಬಂದು, ಎರಡು ಮೂರು ಸೆಕೆಂಡಾದರೂ ನಿಲ್ಲದಿದ್ದರೆ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಶನರ್ ನೋಡಿಸಿ. ಸದ್ದಿಲ್ಲದಿದ್ದರೆ ಕೈ ಹಾಕಬೇಡಿ. ಬಹುಶಃ ಅವರು ಹೇಳಿದ್ದು ಹೊರಗೆ ಕಾಣುವ ಆಲ್ಟರ್ನೇಟರ್ ಬೆಲ್ಟನ್ನು ಇರಬಹುದು. ಮಳೆಗಾಲದ ಬೆಳಿಗ್ಗೆ ಕೀಚಲು ಸದ್ದು ಬರುತ್ತಿದ್ದರೆ, ಒಳಮೈಯ ಗೀರುಗಳಲ್ಲಿ ಬಿರುಕು ಕಂಡರೆ ಅದನ್ನು ಬದಲಿಸುವುದು ಸರಿ. ಅದು ಸಣ್ಣ ಕೆಲಸ.

ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಬ್ರೇಕು. ಉಳಿದದ್ದೆಲ್ಲ ಸ್ವಲ್ಪ ಕಾಯುತ್ತದೆ, ಇದು ಮಾಡಿಸುವವರೆಗೆ ಘಟ್ಟ ಹತ್ತಬೇಡಿ. ಬಿಸಿಯಾದಾಗ ಮೆತ್ತಗಾಗಿ, ತಣಿದ ಮೇಲೆ ತಾನಾಗಿ ಗಟ್ಟಿಯಾಗುವ ಪೆಡಲ್ ಅಂದರೆ ಬಹುತೇಕ ಬ್ರೇಕ್ ಆಯಿಲ್ ಕುದಿಯುತ್ತಿದೆ ಎಂದೇ ಅರ್ಥ. ಲೆಕ್ಕ ನೋಡಿ: ಜನ, ಸಾಮಾನು ಸೇರಿ 1,100 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು ಒಂದೂವರೆ ಯೂನಿಟ್ ಕರೆಂಟಿಗೆ ಸಮನಾದ ಶಕ್ತಿ ಎಲ್ಲಾದರೂ ಹೋಗಲೇಬೇಕು. ಗಾಳಿಯೂ ಎಂಜಿನ್ನೂ ಹೀರದೆ ಬಿಟ್ಟದ್ದೆಲ್ಲ ಡಿಸ್ಕು, ಡ್ರಮ್ಮುಗಳಲ್ಲಿ ಬಿಸಿಯಾಗಿ ಸೇರುತ್ತದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುವ ದ್ರವ. ಶೇ. 3.7ರಷ್ಟು ನೀರು ಸೇರಿದ ಮೇಲೆ ಅದೇ ಆಯಿಲಿಗೆ 140 ಡಿಗ್ರಿಯ ಖಾತ್ರಿ ಮಾತ್ರ. ನಮ್ಮ ಕರಾವಳಿಯ ಗಾಳಿಯಲ್ಲಿ ಆ ಸ್ಥಿತಿ ಬೇಗ ಬರುತ್ತದೆ. ಕುದಿದಾಗ ಏಳುವ ಆವಿಯ ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಪೆಡಲ್ ಕೆಳಗೆ ಹೋಗುತ್ತದೆ.

ಇದನ್ನು ಬೇರೆ ದೋಷಗಳ ಜೊತೆ ಕಲಸಿಕೊಳ್ಳಬಾರದು. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಅದು ಕಾದ ಪ್ಯಾಡಿನ ಸಮಸ್ಯೆ. ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದೇ ಸಮ ಒತ್ತಿ ಹಿಡಿದರೆ ನಿಧಾನಕ್ಕೆ ಜಾರಿ ಕೆಳಗೆ ಹೋಗುತ್ತದೆಯೋ? ಆಯಿಲ್ ಹೊರಗೆ ಸೋರಿಲ್ಲದಿದ್ದರೆ ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ಮೊದಲ ಒತ್ತು ಆಳಕ್ಕೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬರುತ್ತದೆಯೋ? ಹಿಂದಿನ ಡ್ರಮ್ಮಿನ ಲೈನರ್ ಸಡಿಲವಾಗಿದೆ, ಅಥವಾ ಪೈಪಿನಲ್ಲಿ ಗಾಳಿ ಇದೆ. ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆಯುತ್ತದೆಯೋ? ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಸ್ಲೈಡ್ ಪಿನ್ ತುಕ್ಕು ಹಿಡಿದು ಕೂತಿದೆ. ಕಡಲ ಬದಿಯ ಕಾರುಗಳಲ್ಲಿ ಇದು ಹೊಸ ಸುದ್ದಿಯಲ್ಲ.

ಕೆಲಸ ಹೀಗೆ ಮಾಡಿಸಿ. ಮೊಹರು ಒಡೆಯದ ಅರ್ಧ ಲೀಟರಿನ ಎರಡು ಬಾಟಲಿ ತನ್ನಿ, ಗ್ಯಾರೇಜಿನಲ್ಲಿ ಅರ್ಧ ಖಾಲಿಯಾಗಿ ಕೂತ ಡಬ್ಬಿಯದು ಬೇಡ. ಮುಚ್ಚಳದ ಮೇಲೆ ಡಾಟ್ 3 ಎಂದು ಬರೆದಿದ್ದರೂ ಡಾಟ್ 4 ಹಾಕಬಹುದು, ಎರಡೂ ಒಂದೇ ಜಾತಿ. ಡಾಟ್ 4ರ ಒಣ ಕುದಿಬಿಂದು 230, ತೇವ ಸೇರಿದ ಮೇಲೆ 155. ಡಾಟ್ 5 ಮಾತ್ರ ಬೇಡವೇ ಬೇಡ, ಅದು ಸಿಲಿಕೋನ್, ಇವುಗಳೊಂದಿಗೆ ಬೆರೆಯುವುದಿಲ್ಲ. ಹಿಂದಿನ ದಿನವೇ ಹಳೆಯ ಆಯಿಲ್ ಹೊರಬಿಡಲು ಚಕ್ರಗಳ ಬಳಿ ಇರುವ ನಾಲ್ಕೂ ಬ್ಲೀಡರ್ ನಿಪ್ಪಲ್‌ಗಳಿಗೆ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದಿಡಲಿ. ನಮ್ಮ ಕಡೆ ನಿಪ್ಪಲ್ ಮುರಿಯುವುದು ಮಾಮೂಲು, ಮುರಿದರೆ ಕ್ಯಾಲಿಪರನ್ನೋ ವೀಲ್ ಸಿಲಿಂಡರನ್ನೋ ಬದಲಿಸಬೇಕಾಗುತ್ತದೆ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ನಮ್ಮ ಬಲಗೈ ಸ್ಟೀರಿಂಗಿನ ಕಾರಿನಲ್ಲಿ ಹಿಂದಿನ ಎಡ ಚಕ್ರದಿಂದ ಶುರುಮಾಡುವುದು ವಾಡಿಕೆ. ಸರ್ವಿಸ್ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದೇ ಸರಿ. ಒಬ್ಬರು ಪೆಡಲ್ ಒತ್ತಿ ಹಿಡಿಯುವುದು, ಇನ್ನೊಬ್ಬರು ನಿಪ್ಪಲ್ ತೆರೆಯುವುದು, ಮುಚ್ಚಿದ ಮೇಲೆಯೇ ಪೆಡಲ್ ಬಿಡುವುದು. ಟೀ ಡಿಕಾಕ್ಷನ್ ಬಣ್ಣದ ಹಳೆಯದು ಹೋಗಿ ತಿಳಿ ಹಳದಿ ಬರುವವರೆಗೆ ನಡೆಯಬೇಕು. ಮೇಲಿನ ಡಬ್ಬಿ ನಡುವೆ ಖಾಲಿಯಾಗಿ ಗಾಳಿ ಎಳೆದುಕೊಂಡರೆ ಮೊದಲಿನಿಂದ ಮತ್ತೆ. ಈ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ. ಇನ್ನು ಮುಂದೆ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಿ, ಕಿ.ಮೀ. ನೋಡಬೇಡಿ.

ಚಕ್ರ ಬಿಚ್ಚಿದ ಹೊತ್ತಿಗೇ ಪ್ಯಾಡ್ ನೋಡಿಸಿ, 3 ಮಿ.ಮೀ.ಗಿಂತ ತೆಳುವಾಗಿದ್ದರೆ ಬದಲಿಸಿ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಸ್ಲೈಡ್ ಪಿನ್ನುಗಳನ್ನು ಹೊರಗೆಳೆದು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಲಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಕೂತುಬಿಡುತ್ತದೆ. ಜಾಕಿಯ ಮೇಲೆ ಎತ್ತಿದಾಗ ಕಾರಿನ ಹೊಟ್ಟೆಯಡಿ ಹೋಗುವ ಉಕ್ಕಿನ ಬ್ರೇಕ್ ಪೈಪನ್ನು ಉದ್ದಕ್ಕೂ ನೋಡಬೇಕು, ಅದರಲ್ಲೂ ಪ್ಲಾಸ್ಟಿಕ್ ಕ್ಲಿಪ್ಪಿನ ಒಳಗೆ. ಕೆಂಪು ಮಣ್ಣೂ ಉಪ್ಪೂ ಸೇರಿ ಕೂರುವುದು ಅಲ್ಲಿಯೇ, ಪೈಪ್ ಒಡೆಯುವುದೂ ಅಲ್ಲಿಯೇ. ಮೇಲ್ಮೈಯ ಕಂದು ಬಣ್ಣ ಪರವಾಗಿಲ್ಲ, ಉಗುರಿಗೆ ಪದರ ಪದರವಾಗಿ ಏಳುತ್ತಿದ್ದರೆ ಆ ಪೈಪ್ ಮುಗಿಯಿತು.

ಇಳಿಯುವ ಕ್ರಮವೂ ಬದಲಾಗಬೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಹೆಚ್ಚುಕಡಿಮೆ ಅದೇ ಗೇರಿನಲ್ಲಿ ಇಳಿಯಿರಿ, ದೊಡ್ಡ ತಿರುವುಗಳಲ್ಲಿ ಎರಡನೇ ಗೇರು. ಬ್ರೇಕನ್ನು ಸದಾ ಸವರುತ್ತ ಕೂರದೆ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಕಾರ್ಬೊರೇಟರ್ ಕಾಲದ್ದು. ಇಂಜೆಕ್ಷನ್ ಎಂಜಿನ್ ಗೇರಿನಲ್ಲಿ ಇಳಿಯುವಾಗ ಪೆಟ್ರೋಲನ್ನೇ ಕಡಿದುಬಿಡುತ್ತದೆ, ನ್ಯೂಟ್ರಲ್ಲಿನಲ್ಲಿ ಐಡಲ್ ಓಡಿಸಲು ಕುಡಿಯುತ್ತದೆ. ಎಂಜಿನ್ ಬಂದ್ ಮಾಡುವುದಂತೂ ಅಪಾಯ: ಪೆಡಲ್ ಒತ್ತಲು ನೆರವಾಗುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಸಾಕು, ಆಮೇಲೆ ಪೆಡಲ್ ಕಲ್ಲಾಗುತ್ತದೆ.

ಕೂಲೆಂಟಿಗೆ ಬಾವಿ ನೀರು ಹಾಕುವುದನ್ನು ಇಂದೇ ನಿಲ್ಲಿಸಿ. ಈ ಎಂಜಿನ್ನಿನ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಮ್, ರೇಡಿಯೇಟರೂ ಅದೇ. ಸಮುದ್ರದ ಬದಿಯ ಬಾವಿಯ ನೀರಿನಲ್ಲಿರುವ ಕ್ಲೋರೈಡ್ ಅಲ್ಯೂಮಿನಿಯಮ್ಮಿಗೆ ಸೂಜಿಮೊನೆಯಂಥ ತೂತು ಕೊರೆಯುತ್ತದೆ. ಕೂಲೆಂಟಿನಲ್ಲಿ ತುಕ್ಕು ತಡೆಯಲೆಂದು ಸೇರಿಸಿದ ಅಂಶವೂ ಪ್ರತಿ ಚೊಂಬು ನೀರಿಗೆ ತೆಳುವಾಗುತ್ತದೆ.

ಮುಖ್ಯವಾಗಿ, ಮುಚ್ಚಿದ ವ್ಯವಸ್ಥೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ಇಳಿಯುವುದು ಸಹಜವಲ್ಲ, ಎಲ್ಲೋ ಸೋರುತ್ತಿದೆ. ರಾತ್ರಿ ಕಾರಿನ ಮುಂಭಾಗದ ಕೆಳಗೆ ದೊಡ್ಡ ರಟ್ಟು ಹಾಸಿಡಿ. ಬೆಳಿಗ್ಗೆ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಮ್ಮಿಗೆ ಕೂಡುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಹೋಸ್‌ಗಳ ಕ್ಲಿಪ್ಪು, ಕಾಲಿನ ಬಳಿ ಕಾರ್ಪೆಟ್ಟಿನಡಿ ಹೀಟರ್ ಬದಿ, ಇಷ್ಟು ಕಡೆ ಬಿಳಿ ಅಥವಾ ಬಣ್ಣದ ಕಲೆ ಹುಡುಕಿ. ರೇಡಿಯೇಟರ್ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಒತ್ತಡ ನಿಲ್ಲದೆ ಕೂಲೆಂಟ್ ಉಕ್ಕಿ ಹೋಗುತ್ತದೆ. ಅಗ್ಗದ ವಸ್ತು, ಹಳೆಯ ಮುಚ್ಚಳದ ಮೇಲಿನ ಅಂಕಿಯದೇ ಹೊಸದು ಹಾಕಿ. ಎಂಜಿನ್ ತಣಿಯದೆ ಮುಚ್ಚಳ ಮುಟ್ಟಬೇಡಿ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥದು ಕಂಡರೆ ಬ್ಲಾಕ್, ಹೆಡ್ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಕೂಡಲೇ ಎಂಜಿನ್ ಬಿಚ್ಚಿಸಬೇಡಿ. ಮಳೆಗಾಲದಲ್ಲಿ ಪೇಟೆಯೊಳಗೆ ಎರಡೆರಡು ಕಿ.ಮೀ. ಓಡಿಸುವ ಕಾರಿನಲ್ಲಿ ಆವಿ ಕಟ್ಟಿಯೂ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೂ ಹಾಲುಬಣ್ಣಕ್ಕೆ ತಿರುಗಿದ್ದರೆ, ಅಥವಾ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಆಗ ಗ್ಯಾಸ್ಕೆಟ್ ಮಾತು.

ಸೋರಿಕೆ ಮುಗಿಸಿದ ಮೇಲೆ ಹಳೆಯದನ್ನು ಪೂರ್ತಿ ಬಸಿದು, ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಓಡಿಸಿ, ತಣಿಸಿ, ಮತ್ತೆ ಬಸಿಯಿರಿ. ನೀರು ತಿಳಿಯಾಗುವವರೆಗೆ ಇದೇ ಕೆಲಸ. ನಂತರ ರೆಡಿಮಿಕ್ಸ್ ಕೂಲೆಂಟ್, ಇಲ್ಲವೇ ಗಾಢ ಕೂಲೆಂಟಿಗೆ ಸಮಪ್ರಮಾಣದ ಡಿಸ್ಟಿಲ್ಡ್ ವಾಟರ್. ಎ.ಸಿ. ಹಾಕಿದಾಗ ರೇಡಿಯೇಟರ್ ಫ್ಯಾನ್ ತಿರುಗುತ್ತದೆಯೇ ಎಂದೂ ನೋಡಿ. ಉಪ್ಪುಗಾಳಿಗೆ ಅದರ ಕನೆಕ್ಟರ್ ಹಸಿರುಗಟ್ಟಿ ಫ್ಯಾನ್ ನಿಂತರೆ, ಅದು ನಿಮಗೆ ಗೊತ್ತಾಗುವುದು ಘಟ್ಟದ ಮಧ್ಯೆ.

ಇನ್ನು ತುಕ್ಕು. ನಾಲ್ಕೈದು ವರ್ಷ ಓಡಿಸಬಹುದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಎಂಜಿನ್ನಿನಲ್ಲಿ ಇಲ್ಲ, ಇಲ್ಲಿದೆ. ಕಾಲಕಾಲಕ್ಕೆ ಆಯಿಲ್ ಕಂಡ ಈ ಎಂಜಿನ್ನಿಗೆ ಲಕ್ಷ ಕಿ.ಮೀ. ದೊಡ್ಡ ಮಾತಲ್ಲ. ಆದರೆ ಶಿರಸಿ, ಸಿದ್ದಾಪುರದ ಕಾರಿಗೂ ಕಾರವಾರದ ಕಾರಿಗೂ ತಗಡಿನ ಆಯುಷ್ಯ ಒಂದೇ ಅಲ್ಲ. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನೇ ನೀರು ಎಳೆದು ಕರಗುತ್ತದೆ. ಕರಾವಳಿಯಲ್ಲಿ ವರ್ಷದ ಬಹುಪಾಲು ರಾತ್ರಿ ತೇವ ಅದಕ್ಕಿಂತ ಮೇಲಿರುತ್ತದೆ. ಅಂದರೆ ಮಳೆ ತಾಗದ ಶೆಡ್ಡಿನಲ್ಲಿ ನಿಂತಿದ್ದರೂ ಉಪ್ಪು ಕೂತ ತಗಡು ಒದ್ದೆಯೇ. ಮಳೆಗಾಲದಲ್ಲಿ ಮೇಲ್ಮೈಯಾದರೂ ತೊಳೆದುಹೋಗುತ್ತದೆ. ಡಿಸೆಂಬರಿನಿಂದ ಮೇವರೆಗೆ ಕಡಲಗಾಳಿ ತಂದ ಉಪ್ಪು ತೊಳೆಯುವವರಿಲ್ಲದೆ ಅಡಿಯಲ್ಲಿ ಕೂರುತ್ತ ಹೋಗುತ್ತದೆ. ನಿಮ್ಮ ಪ್ಲಾಸ್ಟಿಕ್ ಕವರ್ ಒಳಗಿನ ಹಬೆಯನ್ನು ಹೊರಬಿಡುವುದಿಲ್ಲ, ಅದನ್ನು ತೆಗೆದುಹಾಕಿ. ಮೇಲೆ ಮಾಡು ಇದೆಯಲ್ಲ, ಗಾಳಿಯಾಡಲಿ.

ಬಾಗಿಲ ಕೆಳಗೆ ಬಣ್ಣ ಉಬ್ಬಿದ್ದು ಒಳಗಿನಿಂದ ಬಂದ ತುಕ್ಕು. ಬಾಗಿಲು ತೆರೆದು ಕೆಳ ಅಂಚನ್ನು ಬೆರಳಿನಿಂದ ಸವರಿ: ಉದ್ದನೆಯ ಸಣ್ಣ ಸೀಳುಗಳಿರುತ್ತವೆ. ಗಾಜಿನ ಬದಿಯಿಂದ ಒಳಗಿಳಿದ ಮಳೆನೀರು ಹೊರಬೀಳುವ ದಾರಿ ಅದು. ನಮ್ಮ ಕೆಂಪು ಧೂಳು ಅಲ್ಲಿ ಕೆಸರಾಗಿ ಗಟ್ಟಿಯಾಗುತ್ತದೆ. ತೆಂಗಿನ ಹಿಡಿಕಡ್ಡಿ ತೂರಿಸಿ ಆಡಿಸಿದರೆ ಹೆಚ್ಚಿನ ಹಳೇ ಕಾರುಗಳಲ್ಲಿ ಮೊದಲು ಕೆಂಪು ರಾಡಿ, ಹಿಂದೆಯೇ ತಿಂಗಳುಗಟ್ಟಲೆ ನಿಂತ ನೀರು ಸುರಿಯುತ್ತದೆ. ಅದೇ ಕಡ್ಡಿಯನ್ನು ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡಿನ ತೂತುಗಳಿಗೂ ಹಾಕಿ. ವೈಪರಿನ ಕೆಳಗೆ ಜಾಲರಿಯೊಳಗೆ ಎಲೆ ಕೊಳೆತಿದ್ದರೆ ತೆಗೆಯಿರಿ.

ನಂತರ ಒಂದು ದಪ್ಪ ಸ್ಕ್ರೂಡ್ರೈವರ್ ಹಿಡಿದು ಕೂತು ನೋಡಿ. ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಡಬ್ ಎಂದಲ್ಲಿ ಮೊನೆಯಿಂದ ಒತ್ತಿ. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿಯ ಗುಂಡಿ, ಹಿಂದಿನ ಮಡ್‌ಗಾರ್ಡಿನ ಒಳ ಅಂಚು, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಕಾಲಿನ ಜಾಗದ ಕಾರ್ಪೆಟ್ಟಿನಡಿ, ಜಾಕಿ ಕೊಡುವ ಅಂಚು ನೋಡಿ. ಕೊನೆಗೆ ನಿಜವಾದ ಪರೀಕ್ಷೆ: ಮುಂದಿನ ಲೋವರ್ ಆರ್ಮ್ ಕೂಡುವ ಜಾಗ, ಬಾನೆಟ್ಟಿನ ಒಳಗೆ ಶಾಕ್ ಅಬ್ಸಾರ್ಬರಿನ ತಲೆ ಕೂರುವ ಗೋಪುರ, ಹಿಂದಿನ ಆಕ್ಸಲ್ ಬಾಡಿಗೆ ಸೇರುವ ಜಾಗ, ಸೀಟ್‌ಬೆಲ್ಟಿನ ಬುಡ. ಬಾಗಿಲು, ಮಡ್‌ಗಾರ್ಡು ತೂತಾದರೆ ಅಂದ ಕೆಟ್ಟಿತು, ಅಷ್ಟೆ. ಈ ನಾಲ್ಕರಲ್ಲಿ ಒಂದು ಕಡೆ ಸ್ಕ್ರೂಡ್ರೈವರ್ ಒಳಹೋದರೂ ಕಾರಿಗೆ ಮತ್ತೆ ದುಡ್ಡು ಸುರಿಯಬೇಡಿ.

ಅಂಡರ್‌ಬಾಡಿ ಕೋಟಿಂಗ್ ಬಗ್ಗೆ ನನ್ನ ಅಭಿಪ್ರಾಯ ನೇರ: ಮೇ ತಿಂಗಳಲ್ಲಿ, ಉಪ್ಪು ಧೂಳು ಕೂತ ತಗಡಿನ ಮೇಲೆ, ಪ್ರೆಷರ್ ವಾಷ್ ಮಾಡಿ ಅರೆಬರೆ ಒಣಗಿಸಿ ಹೊಡೆಯುವ ಕರಿ ರಬ್ಬರ್ ಕೋಟಿಂಗ್ ಹಳೇ ಕಾರಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಒಳಗೆ ತುಕ್ಕು ನಡೆಯುತ್ತಲೇ ಇರುತ್ತದೆ, ಹೊರಗೆ ಕಾಣುವುದಿಲ್ಲ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಮಾಡಿಸಿ. ಮೊದಲು ಸಿಹಿನೀರಿನಲ್ಲಿ ಅಡಿ ತೊಳೆದು ಎರಡು ಮೂರು ದಿನ ಬಿಸಿಲಿಗೆ ಬಿಡಿ. ತುಕ್ಕು ಕಂಡಲ್ಲಿ ತಂತಿ ಬ್ರಷ್, ಆಮೇಲೆ 80 ನಂಬರಿನ ಎಮರಿ ಹಾಳೆ, ಹೊಳೆಯುವ ತಗಡು ಕಾಣುವವರೆಗೆ. ಗುಳಿಯಲ್ಲಿ ಉಳಿದದ್ದಕ್ಕೆ ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೈ, ನಂತರ ಬಣ್ಣ. ಬಾಗಿಲು, ರನ್ನಿಂಗ್ ಬೋರ್ಡಿನ ಟೊಳ್ಳಿಗೆ ಉದ್ದ ಕೊಳವೆಯಿಂದ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ, ಬಸಿಯುವ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಅಡಿಭಾಗಕ್ಕೂ ಗಟ್ಟಿಯಾಗದೆ ಮೇಣದಂತೆ ಉಳಿಯುವ ಕೋಟಿಂಗ್ ಮೇಲು. ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು ನಿಜ, ಆದರೆ ಅದರ ಕೆಳಗೆ ಏನು ನಡೆಯುತ್ತಿದೆ ಎಂಬುದು ಕಾಣುತ್ತದೆ.

ತೂತು ಬಿದ್ದಲ್ಲಿ ಟಿಂಕರಿಂಗಿನವರು ಪುಟ್ಟಿ ತುಂಬಿ ಬಣ್ಣ ಹೊಡೆದರೆ ಅದು ಒಂದು ಮಳೆಗಾಲದ ಮಾತು. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, 0.8ರಿಂದ 1 ಮಿ.ಮೀ. ತಗಡು ವೆಲ್ಡ್ ಮಾಡಬೇಕು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ಎರಡೂ ವೈರ್ ಬಿಚ್ಚಿರಬೇಕು, ಒಳಗಿನ ಕಾರ್ಪೆಟ್ಟು, ಫೋಮು ತೆಗೆದಿರಬೇಕು, ಪೆಟ್ರೋಲ್ ಪೈಪು ಎಲ್ಲಿದೆ ಎಂದು ನೋಡಿರಬೇಕು. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲೇ ನಿಂತಿರಿ.

ನಂತರದ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಅಡಿಗೆ ಪೈಪಿನಿಂದ ನೀರು ಹೊಡೆದರೆ ಸಾಕು. ಬಾವಿಯದೋ ಬೋರಿನದೋ ನೀರು ಸವಳಾಗಿದ್ದರೆ ಅದರಿಂದ ತೊಳೆಯುವುದಕ್ಕಿಂತ ತೊಳೆಯದಿರುವುದು ಮೇಲು. ನಳದ ನೀರು ಬಳಸಿ. ಮಳೆಗಾಲದಲ್ಲಿ ಕಾರು ನಾಲ್ಕಾರು ದಿನ ನಿಲ್ಲುವುದಿದ್ದರೆ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ನೀವು ಕೇಳದ ಒಂದು ವಿಷಯ, ಅರ್ಥಿಂಗ್. ಹೆಡ್‌ಲೈಟ್ ಮಂಕು, ಸೆಲ್ಫ್ ಎಳೆದೆಳೆದು ತಿರುಗುವುದು, ಇಂಡಿಕೇಟರ್ ಹಾಕಿದರೆ ಬೇರೆ ದೀಪ ಮಿನುಗುವುದು, ಇವಕ್ಕೆಲ್ಲ ಹೊಸ ಬ್ಯಾಟರಿ ಹಾಕಿಸುವವರೇ ಹೆಚ್ಚು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ವೈರು ಕೆಟ್ಟಿದೆ. ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು.

ಮಾಮೂಲಿ ಸರ್ವಿಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 5ಡಬ್ಲ್ಯು-30 ಆಯಿಲ್ ಸುಮಾರು ಮೂರು ಲೀಟರ್, ಫಿಲ್ಟರ್ ಸಮೇತ, 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಅಚ್ಚು ನೋಡಿ: 2319 ಎಂದಿದ್ದರೆ 2019ರ 23ನೇ ವಾರ. ಕಾನೂನಿನ ಮಿತಿ 1.6 ಮಿ.ಮೀ. ಇದ್ದರೂ ನಮ್ಮ ಮಳೆಗೆ 3 ಮಿ.ಮೀ.ಗಿಂತ ಕಡಿಮೆ ಹಲ್ಲಿನ ಟೈರ್ ಬೇಡ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. 2012ರ ಕಾರಿನ ರಬ್ಬರ್ ಭಾಗಗಳನ್ನು ಅದಕ್ಕೆಂದು ಮಾಡಿದ್ದಲ್ಲ, ಆದ್ದರಿಂದ ಸರ್ವಿಸ್ ಮಾಡಿಸಿದಾಗಲೆಲ್ಲ ಇಂಧನದ ಹೋಸ್ ಬಾಗಿಸಿ ಬಿರುಕು ನೋಡಿಸಿ, ಪೆಟ್ರೋಲ್ ವಾಸನೆ ಬಂದರೆ ಮುಂದೂಡಬೇಡಿ.

ಮಾರುವ ಮಾತಿಗೆ ಬಂದರೆ, ಬ್ರೇಕಿನ ಕೆಲಸ ಮುಗಿಸಿ, ಸ್ಕ್ರೂಡ್ರೈವರಿನ ಪರೀಕ್ಷೆ ಮಾಡಿ, ಆಮೇಲೆ ನಿರ್ಧರಿಸಿ. ಆ ನಾಲ್ಕು ಜಾಗ ಗಟ್ಟಿ ಇದ್ದರೆ ಇಟ್ಟುಕೊಳ್ಳಿ. ಈ ವಯಸ್ಸಿನ ಕರಾವಳಿ ಕಾರಿಗೆ ಸಿಗುವ ಬೆಲೆಗೆ ಇಷ್ಟು ಕಡಿಮೆ ಖರ್ಚಿನ ಬೇರೆ ವಾಹನ ಸಿಗುವುದಿಲ್ಲ. ಲೆಕ್ಕಕ್ಕೆ ಇನ್ನೊಂದು ತಾರೀಕು ಸೇರಿಸಿಕೊಳ್ಳಿ: 2012ರ ಕಾರಿನ ನೋಂದಣಿ 15 ವರ್ಷಕ್ಕೆ, ಅಂದರೆ 2027ರಲ್ಲಿ ಮುಗಿಯುತ್ತದೆ. ಮುಗಿಯುವ ಮುಂಚಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಕಾರನ್ನು ತಪಾಸಣೆಗೆ ಒಯ್ದರೆ ಐದು ವರ್ಷಕ್ಕೆ ನವೀಕರಣ. ಇದರ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿದೆ, ಹಸಿರು ತೆರಿಗೆ ಬೇರೆ. ಇನ್ಶೂರೆನ್ಸು, ಹೊಗೆ ತಪಾಸಣೆಯ ಪತ್ರ ಚಾಲ್ತಿಯಲ್ಲಿರಬೇಕು. ಟಿಂಕರಿಂಗ್ ಕೆಲಸವನ್ನು 2026ರ ದೀಪಾವಳಿಯಿಂದ ಮುಂದಿನ ಬೇಸಿಗೆಯೊಳಗೆ ಮುಗಿಸಿಕೊಂಡರೆ ತಪಾಸಣೆಗೂ ಅದೇ ಆಯಿತು.